ಶಿವರಾತ್ರಿ ದಾಟದ ಬಾಯ್ಲರ್

ಮೇಸ್ತ್ರಿಯವರ ಬಲಗಿವಿಯ ಹಾಲೆ ಸುಟ್ಟು, ಸುಕ್ಕುಗಟ್ಟಿ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಮಡಚಿಕೊಂಡಿತ್ತು. ಮೂವತ್ತು ವರ್ಷ ಬಿಸಿ ಕಬ್ಬಿಣಕ್ಕೆ ಕಿವಿ ಕೊಟ್ಟು ಆದದ್ದು ಅದು. ಉಳಿದ ರಿಪೇರಿಯವರು ಬಾಯ್ಲರ್ ಪೂರ್ತಿ ಆರಿದ ಮೇಲೆ ಬಂದು, ಸುತ್ತಿಗೆಯಲ್ಲಿ ನಾಲ್ಕು ಏಟು ಕುಟ್ಟಿ ಹೋಗುತ್ತಿದ್ದರು. ಇವರು ಒಲೆಯಿಂದ ಬೆಂಕಿ ಹೊರಗೆಳೆದ ಕೂಡಲೇ ಬಂದು ನಿಲ್ಲುತ್ತಿದ್ದರು. ಆರುವಾಗ ಕಬ್ಬಿಣ ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಎಂದು ಹಿಡಿಯುವುದು ಅವರ ಕೆಲಸ. ಬೇವಿನ ಕಡ್ಡಿಯ ಒಂದು ತುದಿ ತಗಡಿಗೆ, ಇನ್ನೊಂದು ತುದಿ ಕಿವಿಗೆ. ಕಡ್ಡಿಯಲ್ಲಿ ಕೇಳಿಸದಿದ್ದರೆ ಕಿವಿಯನ್ನೇ ಒತ್ತಿಬಿಡುವರು.

ನನ್ನ ಕಸುಬು ಹಳೇ ಯಂತ್ರ ಕೊಂಡು ಮಾರುವುದು. ಜಯನಗರದ ಬಯಲಿನಲ್ಲಿ ಸೈಟಿಗೆ ಕಲ್ಲು ನೆಡುತ್ತಿದ್ದ ಕಾಲದಲ್ಲಿ ಬನಶಂಕರಿ ಗುಡಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡಿದ್ದೆ. ಓದಿರಲಿಲ್ಲ, ಅಪ್ಪನ ಆಸ್ತಿ ಇರಲಿಲ್ಲ, ಬಾಯೇ ಬಂಡವಾಳ. ಚೌಕಾಸಿಯಲ್ಲಿ ನನ್ನನ್ನು ಮೀರಿಸಿದವರು ಆ ಕಡೆ ಯಾರೂ ಇರಲಿಲ್ಲವೆಂದು ಈಗಲೂ ಹೇಳಬಲ್ಲೆ. ಶ್ರೀನಗರದ ಕಡೆ ಒಂದು ಹೆಂಚಿನ ಮನೆಯಲ್ಲಿದ್ದ ಮೇಸ್ತ್ರಿ, ನಾನು ಕೊಳ್ಳುವ ಮಾಲನ್ನು ನೋಡಿ ಹೇಳಲು ಬರುತ್ತಿದ್ದರು. ಚಿನ್ನದ ಗಣಿಯಲ್ಲಿ ಬಾಯ್ಲರ್ ಕೆಲಸ ಕಲಿತವರು. ಇಂಗ್ಲಿಷ್ ಒಂದಕ್ಷರ ಬಾರದು.

ಮಾರುವವನು ಮೊದಲು ಹೇಳುವುದು ಒಂದೇ ಮಾತು: "ಎಂಟೇ ವರ್ಷದ್ದು ಸಾರ್, ಹೊಸದಿದ್ದಂಗಿದೆ." ಮೇಸ್ತ್ರಿ ಅವನ ಮುಖವನ್ನೂ ನೋಡುತ್ತಿರಲಿಲ್ಲ. "ವರ್ಷ ಯಾವನಿಗೆ ಬೇಕಯ್ಯ? ದಿನಕ್ಕೆ ಎಷ್ಟು ಸಲ ಬೆಂಕಿ ಹಚ್ಚಿದ್ರಿ, ಎಷ್ಟು ಸಲ ಆರಿಸಿದ್ರಿ, ಅದ್ ಹೇಳು" ಎನ್ನುವರು. ಕಾದಾಗ ಕಬ್ಬಿಣ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ತಗಡಿಗೆ ತಗಡು ಸೇರಿಸಿ ರಿವೆಟ್ ಮೊಳೆ ಬಿಗಿದ ಜಾಗದಲ್ಲಿ ಮಾತ್ರ ಉಬ್ಬಲು ಕುಗ್ಗಲು ಎಡೆಯಿಲ್ಲ, ಆದ್ದರಿಂದ ಅದು ದಣಿಯುವುದು ಅಲ್ಲಿ. ಇಪ್ಪತ್ತು ವರ್ಷ ಆರದೆ ಉರಿದ ಬಾಯ್ಲರ್ ಗಟ್ಟಿಯಾಗಿರಬಹುದು, ದಿನಕ್ಕೆ ಎರಡು ಸಲ ಹಚ್ಚಿ ಆರಿಸಿದ್ದು ನಾಲ್ಕು ವರ್ಷಕ್ಕೇ ಸತ್ತಿರಬಹುದು. ಹಳೇ ಮಾಲು ಕೊಳ್ಳುವವರಿಗೆ ಈ ಒಂದು ಮಾತನ್ನು ನಾನು ಪುಕ್ಕಟೆಯಾಗಿ ಕೊಡುತ್ತೇನೆ. ಹುಟ್ಟಿದ ವರ್ಷ ಕೇಳಬೇಡಿ, ಎಷ್ಟು ಸಲ ಕಾಯಿಸಿದರು ಎಂದು ಕೇಳಿ. ಈ ಮಾತು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಹೇಳುವ ಕೆಲಸ ಮಾಡಿದೆ ಎಂಬುದಕ್ಕೇ ಇಷ್ಟು ವರ್ಷವಾದರೂ ನನ್ನ ಮೇಲೆ ನನಗೆ ಮೈ ಉರಿಯುವುದು.

ಹುಳಿಮಾವಿನ ಕೆರೆ ಪಕ್ಕ ಒಬ್ಬ ಗೌಡರು ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ ಶುರು ಮಾಡಿದರು. ಬಡಾವಣೆಗೆ ಜಮೀನು ಹೋಗಿ ಬಂದ ದುಡ್ಡು, ಮೊದಲ ಸಲ ಯಂತ್ರ ಕಂಡವರು. ಬಣ್ಣದ ತೊಟ್ಟಿಗಳಿಗೆ ಆವಿ ಬೇಕು. ಆಳೆತ್ತರದ ಒಂದು ಬಾಯ್ಲರನ್ನು ನಾನೇ ಅವರಿಗೆ ಮಾರಿದೆ. ಅದನ್ನು ನಾನು ಕೊಳ್ಳುವಾಗ ಮೇಸ್ತ್ರಿ ಬೇಡ ಎಂದಿದ್ದರು. "ಇದು ಬೇಕರಿಯವರ ಮಾಲು ಕಣಯ್ಯ. ದಿನಾ ಹಚ್ಚಿ ದಿನಾ ಆರಿಸಿದ್ದಾರೆ. ಮುಟ್ಟಬೇಡ." ಅಗ್ಗಕ್ಕೆ ಸಿಕ್ಕಿತ್ತು, ಮುಟ್ಟಿದೆ. ಮಾರುವಾಗ ಗೌಡರಿಗೆ ನಾನು ಹೇಳಿದ್ದೂ ಅದೇ ಹಾಳು ಮಾತು, ಎಂಟೇ ವರ್ಷದ್ದು ಎಂದು.

ದಸರಾ ಕಳೆದ ಮೇಲೆ ಗೌಡರು ಬಾಯ್ಲರ್ ನೋಡಿಕೊಳ್ಳಲು ಮೇಸ್ತ್ರಿಯನ್ನೇ ಇಟ್ಟುಕೊಂಡರು. ಹತ್ತು ಹನ್ನೆರಡು ಜನ ಹೆಂಗಸರು ಅದೇ ಶೆಡ್ಡಿನಲ್ಲಿ, ಬಾಯ್ಲರಿನಿಂದ ನಾಲ್ಕು ಮಾರು ದೂರದಲ್ಲಿ, ನೂಲು ಅದ್ದಿ ಹಿಂಡುತ್ತಿದ್ದರು. ಮೊದಲ ದಿನ ಮಧ್ಯಾಹ್ನ ಮೇಸ್ತ್ರಿ ಕಂಡದ್ದು ಇಷ್ಟು: ಗೌಡರ ಅಪ್ಪಣೆಯಂತೆ ಒಬ್ಬ ಆಳು ಬೆಂಕಿ ಎಳೆದು ಹಾಕಿದ. ಆಮೇಲೆ ಕೆರೆಯಿಂದ ತಂದ ನೀರನ್ನು ಕೊಡಗಟ್ಟಲೆ ಬಾಯ್ಲರಿನ ಮೈ ಮೇಲೆ ಸುರಿದ. ಚುಯ್ ಎಂದು ಹಬೆ ಎದ್ದಿತು.

ಮೇಸ್ತ್ರಿ ಕೂಗಾಡಿದರಂತೆ. ನನ್ನನ್ನೂ ಕರೆಸಿದರು. ನಾನು ಹೋದಾಗ ಗೌಡರು ನಗುತ್ತಾ ಕೂತಿದ್ದರು.

"ಉಳೋ ಎತ್ತಿಗೂ ಮಧ್ಯಾನ ನೊಗ ಇಳಿಸಿ ಮೈ ತೊಳೀತೀವಿ. ಇದ್ಯಾವ್ ಲೆಕ್ಕ? ಇದ್ಕೂ ವಸಿ ದಣಿವಾರಿಸ್ಕೊಳ್ಳಕ್ ಬುಡು ಮೇಸ್ತ್ರಿ. ನಾಕ್ ವರ್ಷ ಜಾಸ್ತಿ ಬಾಳ್ತದೆ."

"ಗೌಡ್ರೆ, ಎತ್ತಿಗೆ ಉತ್ರೆ ಸುಸ್ತು. ಇದಕ್ಕೆ ಉರಿದ್ರೆ ಸುಸ್ತಿಲ್ಲ, ಹಚ್ಚಿ ಆರಿಸಿದ್ರೆ ಸುಸ್ತು. ನೀವು ದಣಿವಾರಿಸ್ತಾ ಇಲ್ಲ, ಕುತ್ತಿಗೆ ಹಿಚುಕ್ತಾ ಇದೀರಿ."

"ಓಹೋ! ಕಬ್ಬಿಣದ ವೈದ್ಯರು ನೀವು!"

ಮೇಸ್ತ್ರಿ ಸಿಟ್ಟಾಗದೆ ಎರಡು ಸೈಕಲ್ ಕಡ್ಡಿ ತರಿಸಿದರು. ಒಂದನ್ನು ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ, ಗೌಡರಿಂದಲೇ ಎಣಿಸಿದರು. ಹತ್ತೊಂಬತ್ತಕ್ಕೆ ಮುರಿಯಿತು. ಇನ್ನೊಂದನ್ನು ಕಾಫಿಯ ಇದ್ದಿಲೊಲೆಯ ಮೇಲೆ ನೀಲಿ ಬಣ್ಣ ಬರುವ ತನಕ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಹಾಗೆಯೇ ಬಗ್ಗಿಸಿದರು. ಹನ್ನೊಂದಕ್ಕೇ ಹೋಯಿತು. "ಕಾವಲ್ಲಿ ಬಗ್ಗೋದು ಬೇರೆ, ತಣ್ಣಗೆ ಬಗ್ಗೋದು ಬೇರೆ. ಇದರ ಮೈಗೆ ಎರಡೂ ಬೀಳ್ತಾ ಇದೆ" ಎಂದರು. ಗೌಡರು "ಸೈಕಲ್ ಕಡ್ಡಿ ಮುರಿದು ನನ್ನ ಬಾಯ್ಲರ್ ಮುರೀತದೆ ಅಂತೀಯಲ್ಲ" ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನೂ ನಕ್ಕೆ. ಮಾರಿದ ಮಾಲು ಹಿಂದಕ್ಕೆ ಬಂದರೆ ಮಾರುಕಟ್ಟೆಯಲ್ಲಿ ನನ್ನ ಮಾತಿಗೆ ಏನು ಬೆಲೆ ಉಳಿಯುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ದೀಪಾವಳಿಗೆ ಶೆಡ್ ಮುಚ್ಚಿದ್ದಾಗ ಮೇಸ್ತ್ರಿ ನನ್ನನ್ನು ಕರೆಸಿ, ನನ್ನೆದುರಿಗೇ ರಿವೆಟ್ ಸಾಲಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ತೆಳ್ಳಗೆ ಸುಣ್ಣ ಬಳಿದರು. ಒಂದು ಕಾಫಿ ಕುಡಿಯುವಷ್ಟರಲ್ಲಿ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಮೂಡಿತು. ಒಳಗೆ ಸೇರಿದ್ದ ಎಣ್ಣೆ ಬಿರುಕಿನಿಂದ ಹೊರಗೆ ಒಸರಿದ್ದು. ಪಂಚೆಯ ಗಂಟಿನಿಂದ ಒಂದು ಹಿಡಿ ರಾಗಿ ತೆಗೆದು, ಹಸಿ ಸುಣ್ಣದ ಮೇಲೆ ಗೆರೆಯ ಉದ್ದಕ್ಕೂ ಕಾಳಿಗೆ ಕಾಳು ತಾಗಿಸಿ ಅಂಟಿಸಿದರು. ಮೂರು ಕಾಳು. ಒಂದು ತಿಂಗಳಾದ ಮೇಲೆ ಮತ್ತೆ ಅಳೆದರು. ಐದು ಕಾಳು. ಈ ರಿವೆಟ್ಟಿನ ತೂತಿನಿಂದ ಪಕ್ಕದ ತೂತಿಗೆ ಇಪ್ಪತ್ತು ಕಾಳಿನ ದೂರ.

"ಹಾಗಾದ್ರೆ ಇನ್ನೂ ಏಳೆಂಟು ತಿಂಗಳಿದೆಯಲ್ಲ ಮೇಸ್ತ್ರಿಗಳೇ" ಎಂದೆ.

"ಅಂಗಡಿ ಲೆಕ್ಕ ಹಾಕಬೇಡ. ಇದು ಈಗ ನಡೀತಾ ಇದೆ. ಎಂಟು ಕಾಳು ದಾಟಿದ್ರೆ ಓಡತ್ತೆ. ರಾತ್ರಿಹಗಲು ಕೆಂಡ ಮುಚ್ಚಿಟ್ಟು ಬಿಸಿಯಾಗೇ ಇಟ್ರೆ ಇನ್ನೊಂದು ವರ್ಷ ಹೋಗಬಹುದು. ಈ ಗೌಡ್ರು ಎತ್ತು ತೊಳೆಯೋ ಹಾಗೆ ತೊಳೆದ್ರೆ ಶಿವರಾತ್ರಿ ದಾಟಲ್ಲ. ನೀನು ಮಾರಿದೋನು. ನಿನ್ನ ಮಾತು ಕೇಳ್ತಾರೆ. ಹೇಳು."

ಹೇಳಲಿಲ್ಲ. ಅದಕ್ಕಿಂತ ಕೀಳು ಕೆಲಸ ಮಾಡಿದೆ. ಪ್ಯಾಂಟು ಬೂಟಿನ ಒಬ್ಬ ಇಂಜಿನಿಯರನ್ನು ಹುಳಿಮಾವಿಗೆ ಕರೆದುಕೊಂಡು ಹೋದೆ. ಅವನು ಬಾಯ್ಲರ್ ಮೇಲಿನ ಹಿತ್ತಾಳೆ ಪಟ್ಟಿಯಲ್ಲಿ ಅದು ತಯಾರಾದ ವರ್ಷ ಓದಿಕೊಂಡ, ಎರಡು ಕಡೆ ಕುಟ್ಟಿದ, ಇನ್ನೂ ಐದು ವರ್ಷಕ್ಕೆ ಮೋಸವಿಲ್ಲವೆಂದು ಇಂಗ್ಲಿಷಿನಲ್ಲಿ ಬರೆದು ಮೊಹರು ಒತ್ತಿದ. ಮೇಸ್ತ್ರಿ ಸುಣ್ಣದ ಗೆರೆ ತೋರಿಸಲು ಹೋದರೆ "ಸ್ವಲ್ಪ ಆಚೆ ನಿಂತ್ಕೊಳ್ರಿ" ಎಂದ. ಗೌಡರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು, ಮೇಸ್ತ್ರಿಗೆ ನಾಳೆಯಿಂದ ಬರುವುದು ಬೇಡ ಎಂದರು. "ಶಿವರಾತ್ರಿ ದಾಟಲ್ಲ ಗೌಡ್ರೆ" ಎಂದು ಮೇಸ್ತ್ರಿ ಅವರಿಗೂ ಹೇಳಿದರು.

ಹೊರಡುವ ಮುಂಚೆ ಮೇಸ್ತ್ರಿ ನೂಲು ಹಿಂಡುವ ಹೆಂಗಸರ ಹತ್ತಿರ ಹೋದರು. "ನೋಡಿ ಅಮ್ಮಂದಿರಾ, ಮಧ್ಯಾಹ್ನ ಊಟಕ್ಕೆ ಹೊರಗೆ ಹೋದ್ರೆ, ಮತ್ತೆ ಬೆಂಕಿ ಹಚ್ಚಿ ಆವಿ ಪೂರ್ತಿ ಬರೋವರೆಗೂ ಒಳಗೆ ಕಾಲಿಡಬೇಡಿ. ಗೌಡ್ರು ಬೈದ್ರೆ ಬೈಸ್ಕೊಳ್ಳಿ. ಹೊಂಗೆ ಮರದ ಕೆಳಗೇ ಕೂತಿರಿ." ಒಬ್ಬಳು "ಯಾಕಣ್ಣ, ದೆವ್ವ ಬತ್ತದಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಆದರೂ ಅವರು ಆ ಮಾತನ್ನು ಬಿಡದೆ ನಡೆಸಿಕೊಂಡು ಬಂದರು. ಅಣ್ಣ ಹೇಳಿದ್ದಾನೆ ಎಂದೋ, ಮರದ ಕೆಳಗೆ ಇನ್ನೊಂದು ಗಳಿಗೆ ಕೂರಬಹುದು ಎಂದೋ.

ಶಿವರಾತ್ರಿಗೆ ಐದು ದಿನ ಇರುವಾಗ, ಊಟದ ನಂತರ ಬೆಂಕಿ ಹಚ್ಚಿ ಆವಿ ಏರುತ್ತಿದ್ದ ಹೊತ್ತಿನಲ್ಲಿ, ಬಾಯ್ಲರ್ ಆ ರಿವೆಟ್ ಸಾಲಿನಲ್ಲೇ ಸೀಳಿತು. ಶೆಡ್ಡಿನ ಒಂದು ಗೋಡೆ ಇಲ್ಲವಾಯಿತು. ಬಣ್ಣದ ತೊಟ್ಟಿಗಳು ಕೆರೆಯ ಅಂಚಿಗೆ ಹೋಗಿ ಬಿದ್ದವು. ಸೌದೆ ತರಲು ಹೊರಗಿದ್ದ ಆಳಿನ ಬೆನ್ನು ಬೆಂದಿತು, ಜೀವ ಉಳಿಯಿತು. ಹೆಂಗಸರು ಮರದ ಕೆಳಗಿದ್ದರು. ಎಲ್ಲರೂ.

ಗೌಡರು ಒಡೆದ ಗೋಡೆಯ ಮುಂದೆ ನಿಂತು ಹೇಳಿದ ಮೊದಲ ಮಾತು: "ಅವನ ಕರಿನಾಲಿಗೆ ಕಣ್ರಯ್ಯ! ಶಿವರಾತ್ರಿ ಅಂದ, ಶಿವರಾತ್ರಿಗೇ ಹೊಡೀತು!" ಒಂದು ವಾರದಲ್ಲಿ ಆ ಮಾತು ಹುಳಿಮಾವಿನಿಂದ ಪೇಟೆಯ ಬಣ್ಣದ ಶೆಡ್ಡುಗಳವರೆಗೂ ಹೋಯಿತು. ಹತ್ತು ಹನ್ನೆರಡು ಜನರ ಪ್ರಾಣ ಉಳಿಸಿದ ಮನುಷ್ಯ ಬಾಗಿಲಲ್ಲಿ ಕಾಣಿಸಿದರೆ "ಬೇಡ ಮೇಸ್ತ್ರಿ, ನಮ್ ಬಾಯ್ಲರ್ ನೋಡಬೇಡಿ, ಏನೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀವಿ" ಎಂದು ಬಾಗಿಲು ಹಾಕಿದರು. ಕಾಳು ಅಂಟಿಸಿ ಅಳೆದ ಲೆಕ್ಕವನ್ನು ಶಾಪ ಎಂದರು! ಮರದ ಕೆಳಗೆ ಕೂತು ಬದುಕಿದ ಹೆಂಗಸರೇ ಅವರು ಎದುರಿಗೆ ಬಂದರೆ ಸೆರಗು ಸರಿಮಾಡಿಕೊಂಡು ಪಕ್ಕದ ಬೀದಿಗೆ ತಿರುಗಿದರು. ಮೊಹರು ಒತ್ತಿದ ಇಂಜಿನಿಯರನ್ನು ಒಬ್ಬನೂ ಏನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.

ಮೇಸ್ತ್ರಿ ನನ್ನ ಶೆಡ್ಡಿಗೆ ಒಂದೇ ಒಂದು ಸಲ ಬಂದರು. ಕೂರಲಿಲ್ಲ.

"ನೀನೊಂದು ಮಾತು ಹೇಳು ಸಾಕು. ಕೊಳ್ಳುವಾಗಲೇ ಬೇಡ ಅಂದಿದ್ದೆ, ಬಿರುಕು ನಿನ್ನ ಕಣ್ಣೆದುರಿಗೇ ಅಳೆದೆ ಅಂತ. ನಾನು ಹೇಳಿದ್ದು ಲೆಕ್ಕ ಕಣಯ್ಯ, ಶಾಪ ಅಲ್ಲ."

"ನೋಡೋಣ ಮೇಸ್ತ್ರಿಗಳೇ. ಸ್ವಲ್ಪ ಬಿಸಿ ಆರಲಿ" ಎಂದೆ.

ಅವರು "ಆರಲಿ ಅಂತೀಯ" ಎಂದಷ್ಟೇ ಹೇಳಿ ಹೊರಟುಹೋದರು. ಆ ವಾರ ನನಗೆ ಪೇಟೆಯಲ್ಲಿ ಇನ್ನೊಂದು ಬಾಯ್ಲರ್ ವ್ಯಾಪಾರ ಕುದುರುತ್ತಿತ್ತು, ನಿಜ ಹೇಳಿದರೆ ಕೈತಪ್ಪುತ್ತಿತ್ತು. ಆಮೇಲೂ ಪ್ರತಿ ಸಲ ಒಂದಲ್ಲ ಒಂದು ವ್ಯಾಪಾರ ಕುದುರುತ್ತಲೇ ಇತ್ತು. ಆರು ವರ್ಷ ಅವರು ಶ್ರೀನಗರದಲ್ಲಿ ಸ್ಟೌವ್ ಪಿನ್ನು ಹಾಕಿಕೊಂಡು, ಪಾತ್ರೆಗೆ ಹಿಡಿ ಹಚ್ಚಿಕೊಂಡು ಕಳೆದರು. ಆ ಕಿವಿ, ಆ ಕೈ, ಪಾತ್ರೆಯ ಹಿಡಿಗೆ!

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವರು ಹೋದ ಸುದ್ದಿ ಬಂತು. ಮನೆ ಮುಂದೆ ಇಪ್ಪತ್ತು ಜನ ಇದ್ದರು. ಗೌಡರೂ ಬಂದಿದ್ದರು. ಟವಲಿನಲ್ಲಿ ಕಣ್ಣೊರೆಸಿಕೊಂಡು "ಕೆಲಸಗಾರ ಅಂದ್ರೆ ಕೆಲಸಗಾರ. ಆ ನಾಲಿಗೆ ಒಂದು ಸರಿ ಇದ್ದಿದ್ರೆ..." ಎಂದರು. ನನ್ನೊಳಗೆ ಏನೋ ಹರಿದುಹೋಯಿತು.

"ಮುಚ್ಚಿ ಬಾಯಿ ಗೌಡ್ರೆ! ಆ ಬಾಯ್ಲರ್ ಸತ್ತಿದೆ ಅಂತ ಅವರು ನನಗೆ ಮೊದಲೇ ಹೇಳಿದ್ರು. ನಾನು ಸುಳ್ಳು ಹೇಳಿ ನಿಮಗೆ ಮಾರಿದೆ. ಆ ಇಂಜಿನಿಯರನ್ನ ಕರ್ಕೊಂಡು ಬಂದೋನೂ ನಾನೇ. ಬಾಯ್ಲರ್ ಒಡೆದಿದ್ದು ನೀವು ಸುರಿದ ನೀರು ಮತ್ತೆ ನನ್ನ ಸುಳ್ಳು. ಅವರ ನಾಲಿಗೆಯಲ್ಲ!"

ಬಾಗಿಲಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿ ತಲೆಯೆತ್ತಿದರು. ಅಳುತ್ತಿರಲಿಲ್ಲ.

"ನಮ್ಮನೆ ಬಾಗಿಲಲ್ಲಿ ನಿಂತು ಯಾಕಪ್ಪ ಹೇಳ್ತೀಯ? ಇದು ನಮಗೆ ಗೊತ್ತಿಲ್ಲದ್ದಾ? ಅವರಿಗೆ ಬಾಗಿಲು ಹಾಕಿದ್ದು ಪೇಟೆಯೋರು. ಹೋಗಿ ಅಲ್ಲಿ ಹೇಳು."

ಮಣ್ಣು ಮುಗಿಸಿ ಅಲ್ಲಿಂದ ಹಾಗೆಯೇ ಪೇಟೆಗೆ ಹೋದೆ. ಒಂದೊಂದೇ ಬಣ್ಣದ ಶೆಡ್ಡು ಹೊಕ್ಕು ಹೇಳಿದೆ. ಕೆಲವರು ಕಾಫಿ ತರಿಸಿದರು. ಒಬ್ಬ "ಹೋದೋರ ವಿಷ್ಯ ಈಗ್ಯಾಕೆ ಸಾರ್, ಬಿಡಿ" ಎಂದ. ಇನ್ನೊಬ್ಬ ತನ್ನ ಬಾಯ್ಲರನ್ನೇ ತೋರಿಸಿ "ನೋಡಿ ಹೇಳಿ, ಇನ್ನೆಷ್ಟು ವರ್ಷ ಬರತ್ತೆ?" ಎಂದು ನನ್ನನ್ನೇ ಕೇಳಿದ. ಹೇಳಬಲ್ಲವರನ್ನು ಆಗಷ್ಟೇ ಮಣ್ಣು ಮಾಡಿ ಬಂದಿದ್ದೆ.