ಕೆಳಗಿನ ಸಾಲಿನ ಹನ್ನೊಂದು ಗುರುತು

ಸೋನಾಲಿ ಸುಲಭಕ್ಕೆ ಹೆದರುವ ಹೆಂಗಸಲ್ಲ. ಬೀದರಿನ ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವಳು. ಪಾಸ್‌ವರ್ಡ್ ಮರೆತರೆ ಪ್ರಿನ್ಸಿಪಾಲರೂ ಅವಳ ಮೇಜಿನ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು. ಭಾಲ್ಕಿಯ ಗಂಡನ ಮನೆಯಲ್ಲಾಗಲಿ, ಠಾಣಾ ಕುಶನೂರಿನ ತವರಿನಲ್ಲಾಗಲಿ ಯಾರ ಫೋನ್ ಹಟ ಹಿಡಿದರೂ ಸೋನಾಲಿಯೇ ಬೇಕು. ಅಂಥವಳು ಎಳ್ಳಮಾವಾಸ್ಯೆಯ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದು ಗಂಟೆಯ ಚಳಿಯಲ್ಲಿ, ತನ್ನ ಕುರ್ಚಿಯಲ್ಲೇ ಬೆವತುಹೋದಳು.

ಯಾಕೆ ಬೆವತಳು ಎಂದು ತಿಳಿಯಬೇಕಾದರೆ ಮೊದಲು ಅವಳ ಆಯಿಯ ಗೋಡೆಯ ಸುದ್ದಿ ಹೇಳಬೇಕು.

ಆಯಿ ಎಂದರೆ ತಂದೆಯ ತಾಯಿ ಪುತಳಾಬಾಯಿ. ಈಗ ಎಂಬತ್ತೆರಡು. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದು, ನಲವತ್ತು ವರ್ಷ ಆ ಸುತ್ತಿನ ಹಳ್ಳಿಗಳಲ್ಲಿ ಸೂಲಗಿತ್ತಿಯಾಗಿ ದುಡಿದವಳು. ಓದು ಬರಹ ಬಾರದು. ಹೆರಿಗೆ ಮಾಡಿಸಿ ಬಂದ ದಿನ ಕೆಮ್ಮಣ್ಣಿನಲ್ಲಿ ಬೆರಳದ್ದಿ ಪಡಸಾಲೆಯ ಗೋಡೆಗೆ ಒಂದು ಗುರುತು ಹಾಕುವಳು. ಗಂಡಾದರೆ ಗೀಟು, ಹೆಣ್ಣಾದರೆ ಸುತ್ತು, ಪಕ್ಕದಲ್ಲಿ ಆ ದಿನದ ನೆನಪಿಗೊಂದು ಚಿತ್ರ. ಮಳೆ ಬಂದಿದ್ದರೆ ಮೂರು ಚುಕ್ಕಿ, ಬಾಣಂತಿ ತಲೆಗೆ ಸಿಕ್ಕಿಸಿದ ಬಾಚಣಿಗೆ ಕಣ್ಣಿಗೆ ಬಿದ್ದಿದ್ದರೆ ಹಣಗಿ. ಬದುಕಿದ ಮಕ್ಕಳೆಲ್ಲ ಗೋಡೆಯ ಮೇಲ್ಭಾಗದಲ್ಲಿ. ಬದುಕದೇ ಹೋದ ಹನ್ನೊಂದು ಕೂಸುಗಳು ನೆಲದಿಂದ ಗೇಣೆತ್ತರದಲ್ಲಿ, ಒಂದೇ ಸಾಲಾಗಿ. ಅವಕ್ಕೆ ಹೆಸರಿಟ್ಟವರಿಲ್ಲ, ಯಾವ ದಫ್ತರದಲ್ಲೂ ಬರೆದವರಿಲ್ಲ. ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ಬೆಳಿಗ್ಗೆ, ಎಲ್ಲರೂ ಭಜ್ಜಿ ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೊರಡುವ ಮೊದಲು ಆಯಿ ಆ ಸಾಲಿನ ಮುಂದೆ ಕೂತು ದೀಪ ಹಚ್ಚುವಳು. ಒಂದೊಂದು ಗುರುತಿನ ಮೇಲೆ ಬೆರಳಿಟ್ಟು ಆ ಕೂಸಿನ ತಾಯಿಯ ಹೆಸರು ಹೇಳುವಳು. ಅದು ಮುಗಿಯದೆ ಮನೆಯಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿರಲಿಲ್ಲ.

ಮೂರು ವರ್ಷದ ಹಿಂದೆ ಹಳೆ ಮನೆ ಕೆಡವಿ ಹೊಸದು ಕಟ್ಟಿದರು. ಗೋಡೆ ಬೀಳುವ ಮುನ್ನ ಸೋನಾಲಿ, ಅಣ್ಣ ಜ್ಞಾನೇಶ್ವರನ ಹೊಸ ಫೋನಿನಲ್ಲಿ ಗುರುತುಗಳ ಫೋಟೋ ಹೊಡೆದಳು. ಮೇಲಿನ ಗುರುತುಗಳ ಮಕ್ಕಳು ಈಗ ಮೀಸೆ ಬಂದವರು, ಮೊಮ್ಮಕ್ಕಳಿದ್ದವರು. ಅವರೆಲ್ಲ ತಮ್ಮ ತಮ್ಮದನ್ನು ಕೇಳಿ ವಾಟ್ಸ್ಯಾಪಿಗೆ ಹಾಕಿಸಿಕೊಂಡರು. ಕೆಳಗಿನ ಸಾಲನ್ನು ಯಾರು ಕೇಳುತ್ತಾರೆ?

ಅಂದಿನಿಂದ ಆಯಿಯ ದೀಪ ಫೋನಿನ ಮುಂದೆ ಉರಿಯಿತು. ಫೋನ್ ಹಿಡಿದು ಕೂಡುವ ಕೆಲಸ ಸೋನಾಲಿಯದು. ಅಣ್ಣನಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲವೆಂದು ಅವಳು ತನ್ನದೇ ಖಾತೆಯನ್ನು ಅವನ ಫೋನಿಗೂ ಹಾಕಿಕೊಟ್ಟಿದ್ದಳು. ಗಂಡ ಸಂಜುಕುಮಾರನ ಫೋನಿಗೂ, ಭಾಲ್ಕಿಯ ಮನೆಯ ಟ್ಯಾಬಿಗೂ ಅದೇ ಖಾತೆ. ಕುಶನೂರಿನಲ್ಲಿ ಹೊಡೆದದ್ದು ಚಣದಲ್ಲಿ ಭಾಲ್ಕಿಯಲ್ಲಿ ಕಾಣುತ್ತಿತ್ತು. "ಒಂದು ಪ್ರಿಂಟ್ ಆದರೂ ತಗಸಿ ಇಡು" ಎಂದು ಸಂಜುಕುಮಾರ ಎರಡು ಸಲ ಹೇಳಿದ್ದ. "ನಾಕ್ ಕಡಿ ಅದಾವ, ಕಾಗದ ಯಾಕ ಬೇಕ್ರಿ?" ಎಂದು ಇವಳು ನಕ್ಕಿದ್ದಳು.

ಆದರೆ ಜ್ಞಾನೇಶ್ವರನಿಗೊಂದು ಚಟ. ಹುಟ್ಟಿದ ಮರಿ, ಮಾರಿದ ಟಗರು, ಕೊಂಡವನ ಪಕ್ಕ ನಿಂತ ಕುರಿ, ಎಲ್ಲದರ ಫೋಟೋ ಬೇಕು. ಕುರಿಯ ಮುಖ ಮರೆಯಬಾರದಂತೆ. ಆ ಕುರಿಗಳೆಲ್ಲ ಬಂದು ಸೋನಾಲಿಯ ಖಾತೆಯಲ್ಲೇ ತುಂಬಿಕೊಂಡವು. ನಾಳೆ ಹೊಲದಲ್ಲಿ ನಾಲ್ಕು ಫೋಟೋ ಹೊಡೆಯಲು ಜಾಗವಿಲ್ಲ ಎಂದು ಫೋನ್ ಬೆಳಿಗ್ಗೆಯೇ ರಾಗ ತೆಗೆಯಿತು. ಕಚೇರಿಯ ದೊಡ್ಡ ಪರದೆಯಲ್ಲಿ ಸೋನಾಲಿ ಮೊದಲ ಕುರಿಯಿಂದ ಕೊನೆಯ ಕುರಿಯವರೆಗೆ ಆರಿಸಿದಳು, ಅಳಿಸಿದಳು. ಜಾಗ ಈಗಲೇ ಬೇಕೆಂದು ಕಸದಬುಟ್ಟಿಯನ್ನೂ ಖಾಲಿ ಮಾಡಿದಳು. 'ಶಾಶ್ವತವಾಗಿ ಅಳಿಸಬೇಕೇ?' ಎಂದು ಕೇಳಿತು. ಹೌದು ಎಂದಳು.

ನಾಳೆಗೆ ತಯಾರಿರಲೆಂದು ಕೆಳಗಿನ ಸಾಲನ್ನು ತೆರೆಯಲು ಹೋದಾಗ ಅದು ಇರಲಿಲ್ಲ. ಗೋಡೆಯ ಫೋಟೋಗಳೂ ಅಣ್ಣನ ಫೋನಿನಲ್ಲೇ ಹೊಡೆದದ್ದಲ್ಲವೇ? ಹಿಂದೆ ಮುಂದೆ ಕುರಿ, ನಡುವೆ ಗೋಡೆ. ಕುರಿಗಳ ಜೊತೆ ಅದೂ ಹೋಗಿತ್ತು.

ಅವಳು ತಕ್ಷಣ ಭಾಲ್ಕಿಗೆ ಫೋನ್ ಹಚ್ಚಿದಳು. "ಟ್ಯಾಬ್ ತಗೀರಿ, ಆಯಿಯ ಗೋಡಿ ಅದನೇನು ನೋಡ್ರಿ, ಲಗೂ!"

ಸಂಜುಕುಮಾರ ಟ್ಯಾಬ್ ತೆರೆದ. "ಅದ, ಅದ. ಕಾಣ್ಲಕತ್ತದ" ಎಂದ. ಸೋನಾಲಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯಲ್ಲೇ ಅವನು, "ಅರೇ, ನೋಡ್ತಾ ನೋಡ್ತಾ ಹೋದ್ವಲ್ಲೇ. ನಾ ಏನೂ ಮುಟ್ಟಿಲ್ಲ" ಎಂದ. ಅವನ ಫೋನಿನಲ್ಲೂ ಇರಲಿಲ್ಲ.

ಉಳಿದದ್ದು ಅಣ್ಣನ ಫೋನ್ ಒಂದೇ. ಕುರಿ ಮೇಯಿಸುವ ತಗ್ಗಿನಲ್ಲಿ ಅವನಿಗೆ ನೆಟ್ ಸಿಗುವುದಿಲ್ಲ. ನೆಟ್ ತಾಗದಿದ್ದರೆ ಅಳಿಸಿದ ಸುದ್ದಿ ಆ ಫೋನಿಗೆ ಇನ್ನೂ ತಲುಪಿರುವುದಿಲ್ಲ. ಅವನಿಗೆ ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವಳಿಗೆ ಸಿಹಿಯಾಗಿ ಕೇಳಿಸಿತು. ಅರ್ಧ ದಿನದ ರಜೆ ಬರೆದಿಟ್ಟು, ಬಸ್ ನಿಲ್ದಾಣಕ್ಕೆ ಓಡಿ, ಔರಾದ ಬಸ್ ಹತ್ತಿದಳು. ಸಂತಪುರದಲ್ಲಿ ಇಳಿದು ಕುಶನೂರಿಗೆ ಹೋಗಿ, ಅವನು ಮನೆಗೆ ಬರುವ ಮೊದಲೇ ಹೊಲಕ್ಕೆ ನಡೆದು ಫೋನ್ ಕಸಿದುಕೊಳ್ಳಬೇಕು. ಇಷ್ಟೇ ಅವಳ ಯೋಜನೆ.

ದಾರಿಯುದ್ದಕ್ಕೂ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿದಳು. ಪ್ರತಿ ಸಲ ವ್ಯಾಪ್ತಿಯ ಹೊರಗೆ. ಪ್ರತಿ ಸಲ ಉಸಿರು ಬಿಟ್ಟಳು. ಪಕ್ಕದ ಸೀಟಿನ ಹೆಂಗಸು, "ಯಾರ ಫೋನ್ ಹತ್ತಲಾರ್ದಕ್ಕ ಇಷ್ಟ್ ಖುಷಿ ಪಡ್ಲಕತ್ತೀರಿ?" ಎಂದು ಕೇಳಿಯೇಬಿಟ್ಟಳು.

ಸಂತಪುರ ಬಂತು. ಇಳಿಯಲು ಎದ್ದು ನಿಂತು ಮತ್ತೊಮ್ಮೆ ಹಚ್ಚಿದಳು. ರಿಂಗಾಯಿತು.

ಆ ಕಡೆಯಿಂದ ಅಣ್ಣನ ದೊಡ್ಡ ದನಿ: "ಹಾಂ ತಂಗಿ! ನಾ ಔರಾದದಾಗ ಅದೀನಿ. ಫೋನ್ ನೆಟ್ ಹಿಡೀಲಾಗಿತ್ತು, ಗೌಸೋದ್ದೀನ ಭಾಯಿ ಅಂಗಡ್ಯಾಗ ರಿಪೇರಿ ಮಾಡಿಸ್ದೆ. ಈಗ ಮಸ್ತ್ ಹಿಡೀತದ."

"ಅಣ್ಣಾ, ಏನೂ ಒತ್ತಬ್ಯಾಡ. ನಿನ್ನ ಕೈ ಮುಗೀತೀನಿ, ಫೋನ್ ಬಂದ್ ಮಾಡಿ ಇಡು."

"ಏನೋ ಕೇಳ್ತು ನೋಡು, ಈಗೇ. ಫೋಟೋ ತಗದ್ ಹಾಕ್ಲ್ಯಾ ಏನೋ ಅಂತ."

"ನೀ ಏನಂದಿ?"

"ಹೂಂ ಅಂದೆ. ಅದು ಕೇಳಿದ್ದಕ್ಕೆಲ್ಲ ಹೂಂ ಅನ್ನು ಅಂತ ನೀನೇ ಹೇಳೀಯಲ್ಲ?"

ಹೇಳಿದ್ದಳು. ಫೋನಿಗೆ ಖಾತೆ ಹಾಕಿಕೊಟ್ಟ ದಿನ, ಅವನ ನೂರು ಪ್ರಶ್ನೆಗಳಿಗೆ ಬೇಸತ್ತು, ಅವಳೇ ಹೇಳಿದ್ದಳು. ಬಸ್ಸಿನ ಕಂಬಿ ಹಿಡಿದು ಮತ್ತೆ ಸೀಟಿನಲ್ಲಿ ಕೂತಳು. ಔರಾದದವರೆಗೆ ಟಿಕೆಟ್ ಕೇಳಲು ಕಂಡಕ್ಟರನಿಗೆ ಎರಡು ಸಲ ಕೈಸನ್ನೆ ಮಾಡಬೇಕಾಯಿತು.

ಅಂಗಡಿಯಲ್ಲಿ ಗೌಸೋದ್ದೀನ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಅರ್ಧ ತಾಸು ಕಂಪ್ಯೂಟರಿಗೆ ಹಚ್ಚಿ ಹುಡುಕಿದ. ಸೋನಾಲಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಅವನು ಕನ್ನಡಕ ತೆಗೆದಿಟ್ಟ.

"ಮಾಫ್ ಮಾಡ್ರಿ ಅಕ್ಕಾರ. ಫೋನ್ ನಾಕ್ ಇದ್ದರೂ ಖೋಲಿ ಒಂದೇ ಐತ್ರಿ, ಬಾಗಿಲಾ ನಾಕು. ಒಂದ್ ಬಾಗಿಲದಾಗಿಂದ ಸಾಮಾನ ಹೊರಗ ಒಗದ್ರ, ಉಳದ ಮೂರು ಬಾಗಿಲಾ ತಗದು ನೋಡಿದ್ರ ಏನ್ ಸಿಗ್ತದ್ರಿ?"

ಹನ್ನೆರಡು ವರ್ಷ ಕಂಪ್ಯೂಟರ್ ಮುಂದೆ ಕೂತವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಯೋಚಿಸಿರಲಿಲ್ಲ.

ಅಣ್ಣನ ಗಾಡಿಯ ಹಿಂದೆ ಕೂತು ಕುಶನೂರಿಗೆ ಬರುವಾಗ, ಹೇಳದೇ ಇದ್ದರಾಯಿತು ಎಂದುಕೊಂಡಳು. ಫೋನ್ ಕೆಟ್ಟಿದೆ ಎಂದರಾಯಿತು. ಯಾವುದಾದರೂ ಕೆಂಪು ಗೀಟಿನ ಚಿತ್ರ ತೋರಿಸಿದರೆ ಆಯಿಯ ಮಂಜುಗಣ್ಣಿಗೆ ತಿಳಿಯುತ್ತದೆಯೇ? ಇಂಥ ಯೋಚನೆ ಬಂದದ್ದಕ್ಕೆ ಇನ್ನೂ ಹೆದರಿದಳು.

ಆಯಿ ಹೊಸ ಮನೆಯ ಪಡಸಾಲೆಯಲ್ಲಿ ನಾಳಿನ ಭಜ್ಜಿಗೆ ಅವರೆಕಾಳು ಸುಲಿಯುತ್ತ ಕೂತಿದ್ದಳು. ಮೊಮ್ಮಗಳ ಮುಖ ನೋಡಿದವಳೇ, "ಯಾಕ ನನ್ನವ್ವ, ಹೆಣ ನೋಡ್ದಂಗ ಆಗೀದಿ?" ಎಂದಳು.

ಸೋನಾಲಿ ಅವಳ ಕಾಲ ಬಳಿ ಕೂತುಬಿಟ್ಟಳು. "ಆಯಿ, ಕೆಳಗಿನ ಸಾಲು ಹೋಯ್ತು. ನಾನೇ ಅಳಿಸ್ದೆ. ಕುರಿ ಫೋಟೋ ಅಂತ ತಿಳದು ಅಳಿಸ್ದೆ. ಎಲ್ಲೂ ಉಳದಿಲ್ಲ."

ಆಯಿ ಬೈಯಲಿಲ್ಲ, ಅಳಲಿಲ್ಲ. ಕೈಯಲ್ಲಿದ್ದ ಅವರೆಕಾಯಿಯನ್ನು ಪೂರ್ತಿ ಸುಲಿದು ಮೊರದಲ್ಲಿ ಹಾಕಿದಳು. ಆಮೇಲೆ, "ಕೆಮ್ಮಣ್ಣು ಕಲಸ್ಕೊಂಡು ಬಾ" ಎಂದಳು.

ಹೊಸ ಗೋಡೆಗೆ ತಿಳಿಹಳದಿ ಬಣ್ಣ. ಅಷ್ಟು ಆಸೆಪಟ್ಟು ಬಳಿಸಿದ್ದ ಜ್ಞಾನೇಶ್ವರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಯಿ ತೆವಳುತ್ತ ಗೋಡೆಯ ಬುಡಕ್ಕೆ ಹೋಗಿ, ಬೆರಳದ್ದಿ, ನೆಲದಿಂದ ಗೇಣೆತ್ತರದಲ್ಲಿ ಒಂದು ಸುತ್ತು ಬರೆದಳು. ಪಕ್ಕದಲ್ಲಿ ಹಣಗಿ. "ಕಾಶಮ್ಮಂದು." ಒಂದು ಗೀಟು, ಮೂರು ಚುಕ್ಕಿ. "ಸಂತಪುರದ ಲಕ್ಷ್ಮೀಬಾಯಿದು." ಒಂದೊಂದೇ ಬಂದವು. ಸೋನಾಲಿ ಎಣಿಸುತ್ತಿದ್ದಳು. ಐದು. ಎಂಟು. ಅವಳ ಎದೆಯ ಭಾರ ಇಳಿಯತೊಡಗಿತು. ಹತ್ತು.

ಹತ್ತಕ್ಕೆ ಬೆರಳು ನಿಂತಿತು. ಆಯಿ ಮತ್ತೆ ಮೊದಲಿನಿಂದ ಬೆರಳಿಟ್ಟುಕೊಂಡು ಬಂದಳು. ಹತ್ತಕ್ಕೇ ನಿಂತಳು. ಮೂರನೇ ಸಲವೂ ಹಾಗೇ.

"ಗುರುತು ಕಂಡ್ರ ನೆಪ್ಪಿಗಿ ಬರ್ತಿತ್ತು" ಎಂದಳು. ಅವಳ ದನಿಯಲ್ಲಿ ಈಗ ಹೆದರಿಕೆಯಿತ್ತು. ಅದನ್ನು ಸೋನಾಲಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಸೋನಿ, ಮೂರ್ ವರ್ಷ ನೀನೇ ಫೋನ್ ಹಿಡದು ಕುಂತೀದಿ. ನಾ ಹೆಸರು ಹೇಳಾಗ ಕೇಳೀದಿ. ಹನ್ನೊಂದನೇದು ಯಾರದವ್ವ?"

ಸೋನಾಲಿ ಕಣ್ಣು ಮುಚ್ಚಿದಳು. ದೀಪ ನೆನಪಾಯಿತು. ಫೋನ್ ಹಿಡಿದು ನೋಯುತ್ತಿದ್ದ ತನ್ನ ಮೊಣಕೈ ನೆನಪಾಯಿತು. ಬ್ಯಾಟರಿ ಎಷ್ಟಿದೆ ಎಂದು ನೋಡಿದ್ದು ನೆನಪಾಯಿತು, ಆಯಿ ಲಗೂ ಮುಗಿಸಿದರೆ ಸಾಕೆಂದುಕೊಂಡದ್ದು ನೆನಪಾಯಿತು. ಒಂದು ಹೆಸರೂ ನೆನಪಾಗಲಿಲ್ಲ.

ಕಣ್ಣು ತೆರೆದಾಗ ಆಯಿ ಅವಳನ್ನೇ ನೋಡುತ್ತಿದ್ದಳು, ಬೆರಳು ಗೋಡೆಯ ಹತ್ತಿರ ಎತ್ತಿಕೊಂಡೇ ಇತ್ತು. ಅದರ ತುದಿಯ ಕೆಮ್ಮಣ್ಣು ಒಣಗುತ್ತಿತ್ತು.