ಮೂರು ಸೆಕೆಂಡು ಎಂದು ಬರೆದದ್ದು

ಮೊನ್ನೆ ಪಕ್ಕದ ಮನೆಯವರು ಹರಿವೆ ಸೊಪ್ಪನ್ನು ಒದ್ದೆ ಬೈರಾಸಿನಲ್ಲಿ ಸುತ್ತಿ ತಂದುಕೊಟ್ಟರು. ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡೆ. "ಎಂತ, ಹುಳ ಉಂಟಾ?" ಎಂದು ಅವರು ಸೊಪ್ಪನ್ನು ಕೊಡವಿ ನೋಡಿದರು. ಹುಳವೇನೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ಕಂಡರೆ ಹೆದರುವ ಮನುಷ್ಯ ಕಾಸರಗೋಡು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೊಂದು ಸಂಶೋಧನಾಲಯದಲ್ಲಿ ಸಹಾಯಕನಾಗಿದ್ದೆ. ಮಂಜೇಶ್ವರದ ಜಮೀಲ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನೀರಿಲ್ಲದೆ ಬಳಲುವ ಅಲಸಂಡೆ ಗಿಡದ ಎಲೆಯಲ್ಲಿ ಪ್ರೋಟೀನುಗಳಿಗೆ ಏನಾಗುತ್ತದೆ ಎಂಬುದು ಅವಳ ವಿಷಯ. ಉತ್ಕರ್ಷಣ, ಅಪಕರ್ಷಣ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಲ್ಲ? ನನಗೂ ಆ ಎರಡು ಶಬ್ದಗಳಷ್ಟೇ ನೆನಪಿದ್ದವು. ಜಮೀಲ ತಿಳಿಸಿಕೊಟ್ಟದ್ದು ಹೀಗೆ: ಪ್ರೋಟೀನಿನ ಮೈಯಲ್ಲಿ ರವಿಕೆಗಿರುವಂಥ ಕೊಕ್ಕೆಗಳಿವೆ. ಉತ್ಕರ್ಷಣವಾದರೆ ಎರಡೆರಡು ಕೊಕ್ಕೆಗಳು ಸಿಕ್ಕಿಕೊಳ್ಳುತ್ತವೆ, ಅಪಕರ್ಷಣವಾದರೆ ಬಿಟ್ಟುಕೊಳ್ಳುತ್ತವೆ. ಬಾಯಾರಿದ ಗಿಡದಲ್ಲಿ ಎಷ್ಟು ಸಿಕ್ಕಿಕೊಂಡಿವೆ ಎಂದು ನೋಡಬೇಕು. ತೊಂದರೆಯೆಂದರೆ, ಎಲೆಯನ್ನು ಕೊಯ್ದ ಗಾಬರಿಗೇ ಕೊಕ್ಕೆಗಳು ಸಿಕ್ಕಿಕೊಳ್ಳತೊಡಗುತ್ತವೆ. ಹಾಗಾಗಿ ಮೂರು ಸೆಕೆಂಡಿನೊಳಗೆ ಎಲೆಯನ್ನು ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಆ ಭಯಂಕರ ಚಳಿಗೆ ಎಲ್ಲವೂ ಇದ್ದಲ್ಲೇ ನಿಂತುಬಿಡುತ್ತದೆ. "ತಡ ಆದ್ರೆ ಅದು ಗಿಡದ ಕತೆ ಅಲ್ಲ ಮಾರಾಯ, ನಿನ್ನ ಕೈಯ ಕತೆ" ಎನ್ನುತ್ತಿದ್ದಳು.

ಅಲಸಂಡೆ ಇದ್ದದ್ದು ಬೆಳ್ಳೂರಿನಲ್ಲಿ, ಸರಸ್ವತಿಯಕ್ಕನ ತರಕಾರಿ ಗದ್ದೆಯಲ್ಲಿ. ಒಂದು ಸಾಲಿಗೆ ದಿನವೂ ನೀರು, ಪಕ್ಕದ ಸಾಲಿಗೆ ಹತ್ತು ದಿನ ಒಂದು ಹನಿಯೂ ಇಲ್ಲ. ಬೇಕಾದ ಎಲೆಗಳಿಗೆ ಗುರುತಿನ ನೂಲು ಕಟ್ಟಿದ್ದೆವು: ನೀರಿನ ಸಾಲಿಗೆ ಬಿಳಿ, ಒಣ ಸಾಲಿಗೆ ಕೆಂಪು. ಹತ್ತನೆಯ ದಿನ ಜಮೀಲಳಿಗೆ ಜ್ವರ ಬಂದು ನಾನೊಬ್ಬನೇ ಹೋಗಬೇಕಾಯಿತು. ಆಕಾಶದ ಅಂಚಿನಲ್ಲಿ ಮೋಡ ಕಟ್ಟುತ್ತಿತ್ತು. ಒಂದು ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿದಂತೆಯೇ. ಫ್ಲಾಸ್ಕಿನ ಸಾರಜನಕ ಬೇರೆ ಆವಿಯಾಗುತ್ತಲೇ ಇತ್ತು.

ಬಿಳಿ ನೂಲಿನ ಎಲೆಗಳನ್ನು ಸರಿಯಾಗಿಯೇ ಕೊಯ್ದು ಮುಳುಗಿಸಿದೆ. ಕೆಂಪಿನ ಸಾಲಿಗೆ ತಿರುಗುವಷ್ಟರಲ್ಲಿ ಸರಸ್ವತಿಯಕ್ಕ ಕರೆದರು.

"ಬಿಸಿಲಲ್ಲಿ ಎಷ್ಟು ಅಂತ ಬಗ್ಗುದು ಮಾರಾಯ? ಕೆಂಪಿನದ್ದು ನಾನು ಆಗಲೇ ಕೊಯ್ದು ಇಟ್ಟಿದ್ದೇನೆ."

ಜಗಲಿಯಿಂದ ಒದ್ದೆ ಬೈರಾಸಿನ ಗಂಟು ತಂದು ಬಿಚ್ಚಿದರು. "ಒಂದೂ ಬಿಟ್ಟಿಲ್ಲ ನೋಡು. ಬಾಡಬಾರದು ಅಂತ ನೀರು ಚಿಮುಕಿಸಿದ್ದೇನೆ."

ವೀಳ್ಯದೆಲೆಯನ್ನು ಪೇಟೆಗೆ ಒಯ್ಯುವವರು ಮಾಡುವುದೂ ಹಾಗೆಯೇ. ಸರಸ್ವತಿಯಕ್ಕನ ಮಟ್ಟಿಗೆ ಅದಕ್ಕಿಂತ ದೊಡ್ಡ ಜಾಗ್ರತೆ ಬೇರೆ ಇರಲಿಲ್ಲ. ನನಗಾದರೋ ಆ ಮೂರು ಸೆಕೆಂಡು ಯಾವಾಗಲೋ ಮುಗಿದುಹೋಗಿತ್ತು. ಹೇಳಿದರೆ ಅವರಿಗೆ ಬೇಸರವಾದೀತೆಂದು ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಒಬ್ಬನೇ ಹೋಗಿ ಕೆಲಸ ಕೆಡಿಸಿಕೊಂಡು ಬಂದ ಎಂಬ ಮಾತು ನನಗೆ ಬೇಡವಾಗಿತ್ತು. ಎಲೆಗಳನ್ನು ಫ್ಲಾಸ್ಕಿಗೆ ಹಾಕಿದೆ. ಪ್ರಯೋಗದ ಪುಸ್ತಕದಲ್ಲಿ ಎರಡೂ ಸಾಲುಗಳ ಮುಂದೆ 'ಮೂರು ಸೆಕೆಂಡು' ಎಂದು ಬರೆದೆ. ಅಕ್ಷರವೇನೋ ದುಂಡಗೆ ಬಂದಿತ್ತು. ಸಂಜೆ ಮಳೆಯೂ ಬಂತು.

ಫಲಿತಾಂಶ ನೋಡಬೇಕಿತ್ತು ನೀವು! ಒಣ ಸಾಲಿನ ಕೊಕ್ಕೆಗಳೆಲ್ಲ ಸಿಕ್ಕಿಕೊಂಡಿದ್ದವು, ನೀರಿನ ಸಾಲಿನವು ಬಿಟ್ಟುಕೊಂಡಿದ್ದವು. ಜಮೀಲ ಮನೆಯಿಂದ ಬೆಲ್ಲ ಹಾಕಿದ ಕಲ್ತಪ್ಪ ಮಾಡಿಸಿ ತಂದು ಎಲ್ಲರಿಗೂ ಹಂಚಿದಳು. ನನಗೆ ಎರಡು ತುಂಡು. ಅದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಲ್ಲಿಂದ ನಾಲ್ಕು ತಿಂಗಳು, ಅವಳು ನನ್ನ ಮೇಜಿನ ಕಡೆ ಬಂದಾಗಲೆಲ್ಲ ಗೊತ್ತಾಗಿಹೋಯಿತು ಎಂದುಕೊಳ್ಳುತ್ತಿದ್ದೆ. ಅವಳು ಬರುತ್ತಿದ್ದದ್ದು ಚಾ ಕುಡಿಯಲು ಕರೆಯುವುದಕ್ಕೆ.

ಸಂಶೋಧನಾ ಲೇಖನವನ್ನು ಪತ್ರಿಕೆಗೆ ಕಳುಹಿಸುವ ದಿನ "ಒಮ್ಮೆ ಓದಿ ನೋಡು" ಎಂದು ಕೊಟ್ಟಳು. ಎಲೆಗಳನ್ನು ಮೂರು ಸೆಕೆಂಡಿನೊಳಗೆ ಮುಳುಗಿಸಲಾಯಿತು ಎಂಬ ವಾಕ್ಯ ಅಚ್ಚಿನ ಅಕ್ಷರಗಳಲ್ಲಿತ್ತು. ಮೇಲೆ ಅವಳ ಹೆಸರಿನ ಪಕ್ಕ ನನ್ನ ಹೆಸರು.

"ಜಮೀಲ, ಕೆಂಪು ನೂಲಿನದ್ದು ಮೂರು ಸೆಕೆಂಡಲ್ಲ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಅವಳು ಪೆನ್ನು ತೆಗೆದುಕೊಂಡಳು. "ಎಷ್ಟು ಹೊತ್ತಾಗಿತ್ತು?"

"ಒಂದು ಗಂಟೆ ಇರಬಹುದು."

"ನೆರಳಲ್ಲಿತ್ತಾ?"

"ಜಗಲಿಯಲ್ಲಿ."

ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ತಲೆಯೆತ್ತದೆ ಕೇಳಿದಳು: "ನಾಲ್ಕು ತಿಂಗಳು ನನ್ನ ಎದುರು ಕೂತು ಚಾ ಕುಡಿದಿಯಲ್ವಾ ನೀನು?"

ಬೈದಿದ್ದರೆ ಚೆನ್ನಾಗಿತ್ತು.

ಲೇಖನ ಹೋಗಲಿಲ್ಲ. ಮುಂದಿನ ಬೇಸಗೆಯಲ್ಲಿ ಅದೇ ಗದ್ದೆಯಲ್ಲಿ ಮತ್ತೆ ಮೊದಲಿನಿಂದ ಶುರು. ಕೊಯ್ಯುವ ದಿನ ಸರಸ್ವತಿಯಕ್ಕನಿಗೆ "ಈ ಸಲ ನೀವು ಮುಟ್ಟಬೇಡಿ" ಎಂದೆ. ಕಾರಣ ಹೇಳಲಿಲ್ಲ. ಅವರು ತಮ್ಮ ಅಂಗೈಗಳನ್ನೇ ನೋಡಿಕೊಂಡು, "ನನ್ನ ಕೈಗೆ ಎಂತ ಆಗಿದೆ?" ಎಂದು ಒಳಗೆ ಹೋದರು. ಸಾಲುಗಳ ನಡುವೆ ಆ ಸಲ ಕಂಡ ವ್ಯತ್ಯಾಸ ಅಷ್ಟಕ್ಕಷ್ಟೆ. ಜಮೀಲಳ ಪಿಎಚ್‌ಡಿ ಒಂದು ವರ್ಷ ತಡವಾಯಿತು. ಅವಳು ಕಾದಿದ್ದ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಸಿಕ್ಕಿತು.

ಹರಿವೆ ಸೊಪ್ಪು ಬಂದ ಮರುದಿನ ನಾನು ಬೆಳ್ಳೂರಿನ ಬಸ್ಸು ಹತ್ತಿದೆ. ಜಮೀಲಳಿಗೆ ಹೇಳಿದ್ದೆ, ಆದರೆ ಸರಸ್ವತಿಯಕ್ಕನಿಗೆ ಇನ್ನೂ ಹೇಳಿರಲಿಲ್ಲ. ಗದ್ದೆಯಲ್ಲಿಯೇ ಸಿಕ್ಕಿದರು. ತಪ್ಪು ಅವರ ಕೈಯದಲ್ಲ, ನನ್ನ ಬಾಯಿಯದು ಎಂದು ಹೇಳಿದೆ. ಅವರು ಪೂರ್ತಿ ಕೇಳಿದರು.

"ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಗದ್ದೆಯ ಕೊನೆಗೆ ಕೈ ತೋರಿಸಿದರು. "ನಿಮಗೆ ಎಲೆ ಸಾಲದೆ ಬಂದ್ರೆ ಅಂತ ಅವತ್ತು ಅಲ್ಲಿದ್ದ ಅಲಸಂಡೆ ಸಾಲಿಗೂ ನಾನು ಹತ್ತು ದಿನ ನೀರು ಬಿಟ್ಟಿರ್ಲಿಲ್ಲ. ನೂಲು ಕಟ್ಟಿರ್ಲಿಲ್ಲ, ಅಷ್ಟೇ. ಹೇಳಿದ್ರೆ ಅಲ್ಲಿಂದಲೇ ಕೊಯ್ಯಬಹುದಿತ್ತಲ್ಲ."

ಈಗ ಅಲ್ಲಿ ಬೆಂಡೆ ಬೆಳೆದಿದೆ. ಅವತ್ತು ಆ ಕಡೆ ನಾನು ತಿರುಗಿಯೂ ನೋಡಿರಲಿಲ್ಲ.

ಬದುವಿನ ಮೇಲೆ ನಿಂತೇ ಜಮೀಲಳಿಗೆ ಫೋನು ಮಾಡಿದೆ. ವರ್ಷಗಳೇ ಆಗಿದ್ದವು ಮಾತನಾಡದೆ. ಹೇಳಿ ಮುಗಿಸಿದೆ.

"ಎಷ್ಟು ದೂರ ಉಂಟು ಆ ಸಾಲು?" ಎಂದು ಕೇಳಿದಳು.

ಕೆಂಪು ನೂಲಿನ ಸಾಲಿದ್ದ ಜಾಗದಿಂದ ನಡೆದು ನೋಡಿದೆ. "ಹತ್ತು ಹೆಜ್ಜೆ."