ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿಯಲ್ಲಿ ನನ್ನ ಹೆಸರು

ಹಾಜರಾತಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿಯನ್ನು ಟೈಪ್ ಮಾಡುತ್ತಿದ್ದೆ. ಆರನೇ ಹೆಸರು ನನ್ನದೇ!

ಎಂಬತ್ತರ ದಶಕದಲ್ಲಿ, ಯಶವಂತಪುರದ ನಮ್ಮ ಕಾಲೇಜಿನಲ್ಲಿ ಫೀಸು ಕಟ್ಟಲಾಗದವರಿಗೆ ಆಫೀಸಿನಲ್ಲೇ ದಿನಕ್ಕೆರಡು ಗಂಟೆ ಕೆಲಸ ಕೊಡುತ್ತಿದ್ದರು. ನನಗೆ ಆ ಎರಡು ಗಂಟೆ ಬರುಬರುತ್ತಾ ನಾಲ್ಕಾಗಿತ್ತು.

ಪಟ್ಟಿ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತೆ. ಅವರು ಬೇಸರದಿಂದ ಕೇಳಿದರು: "ಬೆಳಗ್ಗೆಯಿಂದ ಸಂಜೆವರೆಗೂ ಇಲ್ಲೇ ಇರ್ತೀಯಲ್ಲಮ್ಮಾ, ಕ್ಲಾಸಿಗೆ ಹೋಗೋಕೇನು ಕಷ್ಟ?"

"ನೀವು ಕಳಿಸಿದ ಕಾಗದ ಟೈಪ್ ಮಾಡ್ತಿರ್ತೀನಿ ಸಾರ್" ಎಂದೆ.

ಅವರು ನನಗೆ ವಿನಾಯಿತಿ ಕೊಡುವ ಪತ್ರವನ್ನು ನನಗೇ ಹೇಳಿ ಬರೆಸಿದರು.

ಪರೀಕ್ಷೆ ಬರೆದೆ, ಪಾಸೂ ಆದೆ. ಆದರೆ ಆ ಪತ್ರವನ್ನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅವತ್ತಿನ ಅರ್ಥಶಾಸ್ತ್ರದ ಕ್ಲಾಸೂ ತಪ್ಪಿಹೋಗಿತ್ತು.